ಖಡ್ಗಮೃಗದ ಕೊಂಬನ್ನು ನಾವೇ ಕತ್ತರಿಸಿಬಿಟ್ಟರೆ ಕಳ್ಳಬೇಟೆ ನಿಲ್ಲುತ್ತಾ?

ಹುಲ್ಲುಗಾವಲು:
ಎಲ್ಲರಿಗೂ ನಮಸ್ಕಾರ. ಒಂದು ವರದಿ ಓದಿದಾಗಿನಿಂದ ಈ ಪ್ರಶ್ನೆ ತಲೆ ತಿನ್ನುತ್ತಿದೆ.

ದಕ್ಷಿಣ ಆಫ್ರಿಕಾದ ಗ್ರೇಟರ್ ಕ್ರೂಗರ್ ಪ್ರದೇಶದ 11 ಸಂರಕ್ಷಿತ ಕಾಡುಗಳ ಅಧ್ಯಯನ 2025ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. 2017ರಿಂದ 2023ರವರೆಗೆ ಅಲ್ಲಿ 1,985 ಖಡ್ಗಮೃಗಗಳನ್ನು ಕೊಂದಿದ್ದಾರೆ. ಅದೇ ಅವಧಿಯಲ್ಲಿ 8 ಕಾಡುಗಳಲ್ಲಿ 2,284 ಪ್ರಾಣಿಗಳ ಕೊಂಬನ್ನು ಕಾಡು ನೋಡಿಕೊಳ್ಳುವವರೇ ಕತ್ತರಿಸಿ ತೆಗೆದರು. ಹಾಗೆ ಮಾಡಿದ ಕಡೆ ಬೇಟೆ ಸುಮಾರು ಶೇ. 78ರಷ್ಟು ಇಳಿಯಿತು. ಖರ್ಚಾಗಿದ್ದು ಒಟ್ಟು ಬಜೆಟ್‌ನ ಶೇ. 1.2 ಮಾತ್ರ. ಉಳಿದ ಹಣವೆಲ್ಲ ಹೆಚ್ಚಾಗಿ ಕಾವಲುಗಾರರು, ಹೆಲಿಕಾಪ್ಟರ್, ನಾಯಿ, ಕ್ಯಾಮೆರಾ ಇವಕ್ಕೇ ಹೋಯಿತು. ಸುಮಾರು 700 ಬೇಟೆಗಾರರು ಸಿಕ್ಕಿಬಿದ್ದರು. ಆದರೂ ಅದರಿಂದಲೇ ಬೇಟೆ ಕಡಿಮೆಯಾಯಿತು ಅನ್ನುವುದಕ್ಕೆ ಅಂಕಿಅಂಶದಲ್ಲಿ ಗಟ್ಟಿ ಪುರಾವೆ ಸಿಗಲಿಲ್ಲ.

ಹಾಗಿದ್ದರೆ ನಮ್ಮ ಅಸ್ಸಾಂನ ಕಾಜಿರಂಗದಲ್ಲೂ ಇದನ್ನೇ ಯಾಕೆ ಮಾಡಬಾರದು? ಕೊಂಬಿಗಾಗಿಯೇ ಕೊಲ್ಲುತ್ತಾರೆ ಅಂದಮೇಲೆ ಕೊಂಬೇ ಇಲ್ಲದಿದ್ದರೆ ಜೀವ ಉಳಿಯುತ್ತದೆ ಅಲ್ವಾ? ತಿಳಿದವರು ಹೇಳಿ.

ಗಿಡುಗ:
ಅದೇ ಅಧ್ಯಯನದಲ್ಲಿ ಇನ್ನೊಂದು ಸಂಖ್ಯೆಯೂ ಇದೆ. ಕೊಂಬು ಕತ್ತರಿಸಿದ ಮೇಲೂ 111 ಖಡ್ಗಮೃಗಗಳನ್ನು ಕೊಂದಿದ್ದಾರೆ.

ಮಳೆಹನಿ:
ಕೊಂಬೇ ಇಲ್ಲದ ಪ್ರಾಣಿಯನ್ನು ಯಾಕೆ ಕೊಲ್ಲುತ್ತಾರೆ? ಏನು ಸಿಗುತ್ತದೆ ಅವರಿಗೆ?

ದನದ ಡಾಕ್ಟ್ರು:
ಪೂರ್ತಿ ತೆಗೆಯಲು ಆಗುವುದಿಲ್ಲ, ಅದಕ್ಕೇ. ನಮ್ಮ ಉಗುರು, ಕೂದಲು ಯಾವುದರಿಂದ ಆಗಿದೆಯೋ ಆ ಕೆರಟಿನ್‌ನಿಂದಲೇ ಖಡ್ಗಮೃಗದ ಕೊಂಬೂ ಆಗಿರುವುದು. ಒಳಗೆ ಮೂಳೆ ಇಲ್ಲ. ಆದರೆ ಬುಡದಲ್ಲಿ ಬೆಳೆಯುವ ಜೀವಂತ ಪದರ ಇರುತ್ತದೆ. ಅಲ್ಲಿಗೆ ಗರಗಸ ತಾಗಿದರೆ ರಕ್ತ ಸುರಿಯುತ್ತದೆ, ನೋವಾಗುತ್ತದೆ. ಹಾಗಾಗಿ ಅದಕ್ಕಿಂತ ಮೇಲೆಯೇ ಕೊಯ್ಯಬೇಕು. ಉಳಿದ ಮೋಟಿಗೂ ಕಳ್ಳಸಂತೆಯಲ್ಲಿ ಒಳ್ಳೆಯ ಬೆಲೆ ಇದೆ. ಅದು ಮತ್ತೆ ಬೆಳೆಯುತ್ತಲೂ ಇರುತ್ತದೆ. ಒಂದೂವರೆ ಎರಡು ವರ್ಷಕ್ಕೊಮ್ಮೆ ಮತ್ತೆ ಕೊಯ್ಯಬೇಕು.

ಇನ್ನು ಕಾಜಿರಂಗದ ಪ್ರಶ್ನೆ. ಕ್ರೂಗರ್ ಕಡೆ ನೆಲ ಒಣ, ಮರ ಗಿಡ ವಿರಳ. ಹೆಲಿಕಾಪ್ಟರ್‌ನಿಂದ ಮಂಪರು ಮದ್ದಿನ ಡಾರ್ಟ್ ಹೊಡೆದರೆ ಪ್ರಾಣಿ ಎಲ್ಲಿ ಬಿತ್ತು ಅಂತ ಕಾಣುತ್ತದೆ. ತಂಡ ಓಡಿ ಹೋಗಿ ಕಣ್ಣಿಗೆ ಬಟ್ಟೆ ಕಟ್ಟಿ, ಕಿವಿ ಮುಚ್ಚಿ, ಉಸಿರು ನೋಡಿಕೊಂಡು ಕೆಲಸ ಮುಗಿಸುತ್ತಾರೆ. ಕಾಜಿರಂಗದಲ್ಲಿ ಆನೆಯನ್ನೇ ಮುಚ್ಚುವಷ್ಟು ಎತ್ತರದ ಹುಲ್ಲು. ಎಲ್ಲಿ ನೋಡಿದರೂ ಬೀಲ್, ಅಂದರೆ ಜೌಗು ಕೆರೆಗಳು. ಡಾರ್ಟ್ ಬಿದ್ದ ಪ್ರಾಣಿ ಮಂಪರು ಹತ್ತುವ ಮೊದಲು ನೀರಿಗಿಳಿದರೆ ಮುಳುಗಿ ಸಾಯಬಹುದು. 2022ರ ಗಣತಿಯಲ್ಲಿ ಅಲ್ಲಿ 2,613 ಖಡ್ಗಮೃಗಗಳಿದ್ದವು. ಅಷ್ಟನ್ನೂ ಎರಡೆರಡು ವರ್ಷಕ್ಕೊಮ್ಮೆ ಮಲಗಿಸಿ ಎಬ್ಬಿಸುವುದು ಅಂದರೆ ಯೋಚನೆ ಮಾಡಿ.

ಹಾಗಂತ ಇದು ಕ್ರೂರ ಕೆಲಸ ಅಂತ ನಾನು ಹೇಳುತ್ತಿಲ್ಲ. ಸರಿಯಾಗಿ ಮಾಡಿದರೆ ನೋವಿಲ್ಲ. ಕ್ರೂಗರ್‌ಗೆ ಅದು ಬೇಕಾಗಿತ್ತು. 2011ರಲ್ಲಿ ಕ್ರೂಗರ್‌ನಲ್ಲಿ 10,000ಕ್ಕೂ ಹೆಚ್ಚು ಬಿಳಿ ಖಡ್ಗಮೃಗಗಳಿದ್ದವು. 2020ರ ಹೊತ್ತಿಗೆ 3,000ಕ್ಕಿಂತ ಕೆಳಗೆ ಬಂತು.

ಗಿಡುಗ:
ನೋವಿಲ್ಲ ಅಂದ ಮಾತ್ರಕ್ಕೆ ಪರಿಣಾಮವೇ ಇಲ್ಲ ಅಂತಲ್ಲ ಡಾಕ್ಟ್ರೇ. ಕಪ್ಪು ಖಡ್ಗಮೃಗಗಳ ಬಗ್ಗೆ 2023ರಲ್ಲಿ ಬಂದ ಅಧ್ಯಯನ ನೋಡಿ. ಕೊಂಬು ತೆಗೆದ ಮೇಲೆ ಅವು ಓಡಾಡುವ ಜಾಗ ಸರಾಸರಿ ಶೇ. 45ರಷ್ಟು ಕುಗ್ಗಿತು. ಬೇರೆ ಖಡ್ಗಮೃಗಗಳ ಎದುರು ಬರುವುದೂ ಕಡಿಮೆಯಾಯಿತು. ಧೈರ್ಯ ಕಳೆದುಕೊಂಡವೇನೋ ಅನ್ನಿಸುತ್ತದೆ.

ದನದ ಡಾಕ್ಟ್ರು:
ಆ ಅಧ್ಯಯನ ಸರಿಯಾಗಿಯೇ ಇದೆ. ಆದರೆ ಜಾಗ ಕುಗ್ಗಿದರೂ ಸಾವಿನ ಪ್ರಮಾಣ ಹೆಚ್ಚಿದ ಹಾಗೆ ಕಾಣಲಿಲ್ಲ ಅನ್ನುವುದನ್ನೂ ಸೇರಿಸಿ ಹೇಳಿ. ಭಾರತದ ಒಂಟಿಕೊಂಬಿನ ಖಡ್ಗಮೃಗದ ವಿಷಯ ಬೇರೆ. ಅವು ಜಗಳಕ್ಕೆ ಬಿದ್ದರೆ ಕೊಂಬಿಗಿಂತ ಕೆಳದವಡೆಯ ಚೂಪು ಬಾಚಿಹಲ್ಲುಗಳನ್ನೇ ಹೆಚ್ಚು ಬಳಸುತ್ತವೆ. ಗಂಡುಗಳ ಮೈಮೇಲೆ ಸೀಳಿದ ಗಾಯ ಕಾಣುವುದು ಅದರಿಂದಲೇ.

ಕಾಡುಹಾದಿ:
ಇಲ್ಲಿ ಒಂದು ಮಾತು ಹೇಳಲೇಬೇಕು. ಅಸ್ಸಾಂ ಒಂದೇ ಒಂದು ಕೊಂಬನ್ನೂ ಕತ್ತರಿಸದೆ ಇದನ್ನು ಮಾಡಿ ತೋರಿಸಿದೆ. 2013, 2014ರಲ್ಲಿ ಅಲ್ಲಿ ಪರಿಸ್ಥಿತಿ ತುಂಬಾ ಕೆಟ್ಟಿತ್ತು. ಎರಡು ವಾರಕ್ಕೊಂದು ಹೆಣ ಬೀಳುವಷ್ಟು. 2022ರಲ್ಲಿ ಇಡೀ ರಾಜ್ಯದಲ್ಲಿ ಒಂದೂ ಖಡ್ಗಮೃಗ ಬೇಟೆಗೆ ಬಲಿಯಾಗಲಿಲ್ಲ. 1977ರ ನಂತರ ಅಂಥ ವರ್ಷ ಅದೇ ಮೊದಲು.

ಹೇಗೆ ಆಯಿತು? ಕಾಜಿರಂಗದ ಒಳಗೆ 200ಕ್ಕೂ ಹೆಚ್ಚು ಕಾವಲು ಕ್ಯಾಂಪ್‌ಗಳಿವೆ. ಬಿದಿರಿನ ಅಟ್ಟಣಿಗೆಯ ಮೇಲೆ, ಸುತ್ತ ನೀರು, ಹಾವು, ಹುಲಿ. ಅಲ್ಲಿ ಇಬ್ಬರು ಮೂವರು ಸಿಬ್ಬಂದಿ ವಾರಗಟ್ಟಲೆ ಇರುತ್ತಾರೆ. ದೋಣಿ, ಆನೆ, ಕಾಲ್ನಡಿಗೆ ಮೂರರಲ್ಲೂ ಗಸ್ತು. 2019ರಲ್ಲಿ ಖಡ್ಗಮೃಗಕ್ಕೆಂದೇ ವಿಶೇಷ ಪಡೆ ಬಂತು. ಹೆಜ್ಜೆ ಜಾಡು ಹಿಡಿಯುವ ಬೆಲ್ಜಿಯನ್ ಮಾಲಿನ್ವಾ ನಾಯಿಗಳಿವೆ. ಎಲ್ಲಕ್ಕಿಂತ ಮುಖ್ಯವಾಗಿ ಪೊಲೀಸರು ಮತ್ತು ಅರಣ್ಯದವರು ಸುದ್ದಿ ಹಂಚಿಕೊಳ್ಳಲು ಶುರು ಮಾಡಿದರು. ಬಂದೂಕು ಹಿಡಿದವನು ಕಾಡಿನೊಳಗೆ ಬಂದ ಮೇಲೆ ಹಿಡಿಯುವುದಕ್ಕಿಂತ ಅವನು ಮನೆ ಬಿಡುವ ಮೊದಲೇ ಗೊತ್ತಾಗಬೇಕು. ಆ ಸುದ್ದಿ ಊರಿನವರಿಂದ ಬರುತ್ತದೆ, ಕ್ಯಾಮೆರಾದಿಂದ ಅಲ್ಲ.

ಕ್ರೂಗರ್ ಅಧ್ಯಯನದಲ್ಲಿ ಬಂಧನಗಳಿಂದ ಫಲ ಕಾಣಲಿಲ್ಲ ಅಂದರಲ್ಲ, ಅದಕ್ಕೆ ಕಾರಣವನ್ನೂ ಅವರೇ ಕೊಟ್ಟಿದ್ದಾರೆ. ಒಳಗಿನವರೇ ಸುದ್ದಿ ಮಾರುತ್ತಾರೆ, ಸಿಕ್ಕಿಬಿದ್ದವರು ಜಾಮೀನಿನ ಮೇಲೆ ಬಂದು ಮತ್ತೆ ಬೇಟೆಗೆ ಇಳಿಯುತ್ತಾರೆ, ಸುತ್ತಲ ಊರುಗಳಲ್ಲಿ ಬಡತನ. ಕಾವಲು ಬೇಡ ಅಂತ ಅರ್ಥ ಮಾಡಿಕೊಳ್ಳಬೇಡಿ.

ಲೆಕ್ಕದ ಮೇಷ್ಟ್ರು:
ನನ್ನ ಪ್ರಶ್ನೆ ಬೇರೆ. 2021ರ ಸೆಪ್ಟೆಂಬರ್ 22ರಂದು ಅಸ್ಸಾಂ ಸರ್ಕಾರ ಬೋಕಾಖಾತ್‌ನಲ್ಲಿ 2,479 ಕೊಂಬುಗಳನ್ನು ಸುಟ್ಟು ಹಾಕಿತು. ಖಜಾನೆಯಲ್ಲಿ ದಶಕಗಳಿಂದ ಇಟ್ಟಿದ್ದ ಕೊಂಬುಗಳು. ಎಷ್ಟೋ ಕೊಂಬುಗಳು ಸಹಜವಾಗಿ ಸತ್ತ ಪ್ರಾಣಿಗಳವು. ಅದನ್ನು ಕಾನೂನಿನ ಪ್ರಕಾರ ಮಾರಿ ಆ ಹಣವನ್ನು ಇದೇ ಕಾವಲುಗಾರರ ಸಂಬಳಕ್ಕೆ, ಊರಿನವರ ಬೆಳೆ ಪರಿಹಾರಕ್ಕೆ ಕೊಡಬಹುದಿತ್ತು.

ಆಂಡಿಸ್ ಪರ್ವತದ ವಿಕುನ್ಯಾ ಪ್ರಾಣಿಯ ಕಥೆ ನೋಡಿ. ಉಣ್ಣೆಗಾಗಿ ಕೊಂದು ಕೊಂದು 1960ರ ದಶಕದಲ್ಲಿ ಅಳಿವಿನ ಅಂಚಿಗೆ ತಂದಿದ್ದರು. ಆಮೇಲೆ ಊರಿನವರೇ ಅವನ್ನು ಜೀವಂತ ಹಿಡಿದು ಉಣ್ಣೆ ಕತ್ತರಿಸಿ ಬಿಡುವ ವ್ಯವಸ್ಥೆ ಬಂತು. ಹಣ ಅವರಿಗೇ ಸೇರುತ್ತದೆ. ಇಂದು ಲಕ್ಷಗಟ್ಟಲೆ ವಿಕುನ್ಯಾಗಳಿವೆ. ಖಡ್ಗಮೃಗದ ಕೊಂಬೂ ಮತ್ತೆ ಬೆಳೆಯುತ್ತದೆ. ಇಲ್ಲಿ ಮಾತ್ರ ಯಾಕೆ ಬೇಡ?

ಕಾನೂನುಕಣ್ಣು:
ಮೇಷ್ಟ್ರೇ, ನಿಮ್ಮ ವಾದ ಹೊಸದಲ್ಲ. ದಕ್ಷಿಣ ಆಫ್ರಿಕಾದಲ್ಲಿ ಖಾಸಗಿ ಮಾಲೀಕರು ವರ್ಷಗಳಿಂದ ಹೇಳುತ್ತಿರುವುದೂ ಇದನ್ನೇ. ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್, ಅಂದರೆ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದಡಿ 1977ರಿಂದ ನಿಷೇಧ ಇದೆ. 2016ರಲ್ಲಿ ಜೋಹಾನ್ಸ್‌ಬರ್ಗ್ ಸಭೆಯಲ್ಲಿ ಸ್ವಾಜಿಲ್ಯಾಂಡ್ ಕೊಂಬು ಮಾರಲು ಅನುಮತಿ ಕೇಳಿತು. ಬಹುಮತದಿಂದ ತಿರಸ್ಕಾರ ಆಯಿತು. ದಕ್ಷಿಣ ಆಫ್ರಿಕಾದ ಒಳಗಡೆ ಮಾತ್ರ 2017ರಿಂದ ಪರ್ಮಿಟ್ ಪಡೆದು ಮಾರಬಹುದು. ಆದರೆ ಆ ದೇಶದೊಳಗೆ ಕೊಂಬು ಬಳಸುವವರೇ ಇಲ್ಲವಲ್ಲ. ಕೊನೆಗೆ ಅದು ಎಲ್ಲಿಗೆ ಹೋಗುತ್ತದೆ ಅಂತ ಯಾರಿಗೂ ಅನುಮಾನ ಬಾರದೆ ಇರದು.

ವಿಕುನ್ಯಾ ಉಣ್ಣೆ ಬಟ್ಟೆಯಾಗಿ ಅಂಗಡಿಗೆ ಬರುತ್ತದೆ, ಗುರುತು ಹಾಕಬಹುದು. ಕೊಂಬು ಪುಡಿಯಾಗಿ ಹೋಗುತ್ತದೆ. ಕಾನೂನಿನ ಪುಡಿ ಯಾವುದು, ಕೊಂದು ತಂದ ಪುಡಿ ಯಾವುದು? 2008ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ ಆನೆದಂತವನ್ನು ಒಂದು ಸಲಕ್ಕೆ ಅಂತ ಚೀನಾ, ಜಪಾನ್‌ಗೆ ಮಾರಲು ಬಿಟ್ಟರು. ನಂತರದ ವರ್ಷಗಳಲ್ಲಿ ಆನೆಬೇಟೆ ವಿಪರೀತ ಏರಿತು. ಆ ಮಾರಾಟವೇ ಕಾರಣವೋ ಅಲ್ಲವೋ ಅಂತ ಪಂಡಿತರು ಇನ್ನೂ ವಾದ ಮಾಡುತ್ತಿದ್ದಾರೆ. ಬೇಟೆ ಕಡಿಮೆಯಂತೂ ಆಗಲಿಲ್ಲ.

ಲೆಕ್ಕದ ಮೇಷ್ಟ್ರು:
1977ರಿಂದ ನಿಷೇಧ ಇದೆ ಅಂದಿರಿ. ಹಾಗಾದರೆ ದಕ್ಷಿಣ ಆಫ್ರಿಕಾದಲ್ಲಿ 2007ರಲ್ಲಿ 13 ಇದ್ದ ಬೇಟೆ 2014ರಲ್ಲಿ 1,215ಕ್ಕೆ ಏರಿದ್ದು ಹೇಗೆ? ನಿಷೇಧ ಇದ್ದಾಗಲೇ ಅಲ್ವಾ ಇಷ್ಟೂ ಆಗಿದ್ದು? ಅಲ್ಲಿನ ಬಿಳಿ ಖಡ್ಗಮೃಗಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಸಗಿಯವರ ಜಮೀನಿನಲ್ಲಿವೆ. ಕಾವಲಿನ ಖರ್ಚು ತಾಳಲಾರದೆ ಅವರು ಕೈಬಿಡುತ್ತಿದ್ದಾರೆ. ಸುಮಾರು 2,000 ಪ್ರಾಣಿಗಳಿದ್ದ ಒಂದು ದೊಡ್ಡ ಖಾಸಗಿ ಫಾರ್ಮ್ ಹರಾಜಿಗೆ ಬಂದಾಗ ಒಬ್ಬರೂ ಬಿಡ್ ಮಾಡಲಿಲ್ಲ. 2023ರಲ್ಲಿ ಆಫ್ರಿಕನ್ ಪಾರ್ಕ್ಸ್ ಸಂಸ್ಥೆ ಕೊಂಡುಕೊಂಡಿತು, ಪ್ರಾಣಿಗಳು ಬಚಾವಾದವು. ಎಲ್ಲರಿಗೂ ಅಂಥ ಸಂಸ್ಥೆ ಸಿಗುತ್ತಾ? ಸಾಕುವವನಿಗೆ ಲಾಭ ಬೇಡ, ಖರ್ಚಾದರೂ ಹುಟ್ಟಬೇಕಲ್ಲ.

ಮಳೆಹನಿ:
ಕಾಮೋತ್ತೇಜಕ ಅಂತ ನಂಬಿ ತಿನ್ನುವವರಿಗೆ ತಿಳಿ ಹೇಳಿದರೆ ಬೇಡಿಕೆಯೇ ನಿಲ್ಲುವುದಿಲ್ವಾ? ಆ ಹಣ ಪ್ರಚಾರಕ್ಕೆ ಹಾಕಬಹುದು.

ಹಳೇ ಓದುಗ:
ಮಳೆಹನಿ, ಈ ಕಾಮೋತ್ತೇಜಕದ ಕಥೆ ಎಲ್ಲ ಕಡೆ ಹಬ್ಬಿದೆ. ಚೀನೀ ಸಾಂಪ್ರದಾಯಿಕ ವೈದ್ಯದಲ್ಲಿ ಕೊಂಬನ್ನು ಕೊಡುತ್ತಿದ್ದುದು ಮುಖ್ಯವಾಗಿ ಜ್ವರ, ಸನ್ನಿಗೆ. 1970ರ ದಶಕದಲ್ಲಿ ದೊಡ್ಡ ಗಿರಾಕಿ ಯೆಮನ್. ಅಲ್ಲಿ ಗಂಡಸರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಜಂಬಿಯಾ ಬಾಕುವಿನ ಹಿಡಿಗೆ ಕೊಂಬೇ ಬೇಕಿತ್ತು. ತೈಲದ ಹಣ ಬಂದಾಗ ಬೇಡಿಕೆ ಏರಿತು. 2000ದ ನಂತರ ವಿಯೆಟ್ನಾಂ ಮುಂದೆ ಬಂತು. ಒಬ್ಬ ರಾಜಕಾರಣಿಗೆ ಕೊಂಬಿನ ಪುಡಿಯಿಂದ ಕ್ಯಾನ್ಸರ್ ವಾಸಿಯಾಯಿತು ಅನ್ನುವ ಗಾಳಿಸುದ್ದಿ ಹಬ್ಬಿತ್ತು. ಈಗ ಅಲ್ಲಿ ಶ್ರೀಮಂತಿಕೆ ತೋರಿಸಲು, ಉಡುಗೊರೆ ಕೊಡಲು ಕೊಳ್ಳುವವರೂ ಇದ್ದಾರೆ. ಬೆಲೆ ಜಾಸ್ತಿ ಇರುವುದೇ ಅವರಿಗೆ ಆಕರ್ಷಣೆ. ಅಂಥವರಿಗೆ "ಇದು ಬರೀ ಉಗುರು" ಅಂತ ಹೇಳಿದರೆ ಏನೂ ಆಗುವುದಿಲ್ಲ. ಅದು ಅವರಿಗೂ ಗೊತ್ತು.

ಕಾನೂನುಕಣ್ಣು:
ಮೇಷ್ಟ್ರ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. 1977ರಲ್ಲಿ ಗಡಿ ದಾಟುವ ವ್ಯಾಪಾರ ಮಾತ್ರ ನಿಂತಿತು. ದೇಶದೊಳಗಿನ ಅಂಗಡಿಗಳು ತೆರೆದೇ ಇದ್ದವು. ಕಪ್ಪು ಖಡ್ಗಮೃಗ 1970ರಲ್ಲಿ ಸುಮಾರು 65,000 ಇದ್ದದ್ದು 1990ರ ದಶಕದ ಮೊದಲಲ್ಲಿ 2,500ಕ್ಕೂ ಕೆಳಗೆ ಇಳಿಯಿತು. 1993ರಲ್ಲಿ ಚೀನಾ ದೇಶದೊಳಗಿನ ಮಾರಾಟವನ್ನೂ ನಿಲ್ಲಿಸಿತು, ಔಷಧಿ ಪಟ್ಟಿಯಿಂದ ಕೊಂಬನ್ನು ತೆಗೆಯಿತು. ದಕ್ಷಿಣ ಕೊರಿಯಾ, ತೈವಾನ್ ಕೂಡ ಬಿಗಿ ಮಾಡಿದವು. ಆಮೇಲೆ ಹತ್ತು ಹದಿನೈದು ವರ್ಷ ಆಫ್ರಿಕಾ ಉಸಿರಾಡಿತು. ಕಪ್ಪು ಖಡ್ಗಮೃಗಗಳು ಈಗ 6,000 ದಾಟಿವೆ. ಕೊಳ್ಳುವವನ ಬಾಗಿಲು ಮುಚ್ಚಿದಾಗ ನಿಷೇಧ ಕೆಲಸ ಮಾಡಿದೆ. ವಿಯೆಟ್ನಾಂ ಹೊಸ ಬಾಗಿಲು ತೆರೆಯಿತು, ಅಷ್ಟೇ.

2018ರಲ್ಲಿ ಚೀನಾ ಔಷಧಿಗೆ ಮತ್ತೆ ಅವಕಾಶ ಕೊಡುವುದಾಗಿ ಹೇಳಿತ್ತು. ಜಗತ್ತೆಲ್ಲ ಕೂಗಿದ ಮೇಲೆ ಕೆಲವೇ ವಾರಗಳಲ್ಲಿ ಮುಂದಕ್ಕೆ ಹಾಕಿತು. ಆ ಕತ್ತಿ ಇನ್ನೂ ತೂಗುತ್ತಿದೆ.

ತೀರದ ಮನೆ:
ಎಲ್ಲರೂ ಅಸ್ಸಾಂ ಹೊಗಳುತ್ತಿದ್ದೀರಿ, ಸಂತೋಷ. ಅದರ ಬೆಲೆಯನ್ನೂ ಮಾತಾಡೋಣ. 2010ರಲ್ಲಿ ಅಲ್ಲಿನ ಸರ್ಕಾರ ಅರಣ್ಯ ಸಿಬ್ಬಂದಿಗೆ ಕಾನೂನು ರಕ್ಷಣೆ ಕೊಟ್ಟಿತು. ಕರ್ತವ್ಯದ ವೇಳೆ ಗುಂಡು ಹಾರಿಸಿದರೆ ವಿಚಾರಣೆ ಇಲ್ಲದೆ ಕೇಸು ಹಾಕುವಂತಿಲ್ಲ. ಕಾಡಿನ ಅಂಚಿನಲ್ಲಿ ದನ ಹುಡುಕಲು ಹೋದವನೂ, ಮೀನು ಹಿಡಿಯಲು ಹೋದವನೂ ರಾತ್ರಿ ಕಾವಲುಗಾರನ ಕಣ್ಣಿಗೆ ಒಂದೇ ಥರ ಕಾಣುತ್ತಾರೆ. ಸತ್ತವನು ಬೇಟೆಗಾರ ಅಂತ ಯಾರು ತೀರ್ಮಾನ ಮಾಡುತ್ತಾರೆ?

ಕಾಡುಹಾದಿ:
ಎದುರಿಗೆ ಬರುವವನ ಕೈಯಲ್ಲಿ ಎಕೆ-47 ಇರುತ್ತದೆ. ಕಾವಲುಗಾರನ ಕೈಯಲ್ಲಿ ಎಷ್ಟೋ ವರ್ಷ ಇದ್ದದ್ದು ಹಳೇ .303 ರೈಫಲ್. ಗುಂಡು ಹಾರಿಸಿದ ಮೇಲೆ ಕೋರ್ಟಿಗೂ ಅಲೆಯಬೇಕು ಅಂದರೆ ಆ ಕೆಲಸಕ್ಕೆ ಯಾರು ನಿಲ್ಲುತ್ತಾರೆ? ನಾನು ಕಾವಲುಗಾರನ ಪರ.

ತೀರದ ಮನೆ:
ನಾನೂ ಅವನ ವಿರುದ್ಧ ಇಲ್ಲ. ಆದರೆ ಪ್ರತಿ ಸಾವಿನ ಮೇಲೂ ಹೊರಗಿನವರ ತನಿಖೆ ಆಗಲೇಬೇಕು. ನೀವೇ ಹೇಳಿದಿರಿ, ಸುದ್ದಿ ಊರಿನವರಿಂದ ಬರುತ್ತದೆ ಅಂತ. ಊರಿನ ಒಬ್ಬ ಅಮಾಯಕ ಸತ್ತರೆ ಆ ಸುದ್ದಿ ಬರುವುದು ನಿಲ್ಲುತ್ತದೆ. ಬೇಟೆ ತಂಡಕ್ಕೆ ದಾರಿ ತೋರಿಸುವವನೂ ಅದೇ ಊರಿನವನು. ಅವನಿಗೆ ಸಿಗುವುದು ಪುಡಿಗಾಸು. ದೊಡ್ಡ ಹಣ ನಾಗಾಲ್ಯಾಂಡ್‌ನ ದಿಮಾಪುರ ದಾಟಿ ಮ್ಯಾನ್ಮಾರ್ ಗಡಿ ಕಡೆ ಸಾಗಿಸುವ ದಲ್ಲಾಳಿಗಳದ್ದು. ಗುಂಡು ಬೀಳುವುದು ಮಾತ್ರ ಕೆಳಗಿನವನಿಗೆ.

ಕಾಡುಹಾದಿ:
ದಲ್ಲಾಳಿ ವಿಷಯದಲ್ಲಿ ನೂರಕ್ಕೆ ನೂರು ಒಪ್ಪುತ್ತೇನೆ. ತನಿಖೆಯ ವಿಷಯದಲ್ಲಿ ಅಲ್ಲ. ಕಾಡಿನೊಳಗೆ ರಾತ್ರಿ ಬಂದೂಕು ಹಿಡಿದು ಯಾರೂ ದನ ಹುಡುಕುವುದಿಲ್ಲ.

ಬ್ರಹ್ಮಪುತ್ರ ಪ್ರಯಾಣಿಕ:
ಪ್ರವಾಹದ ಬಗ್ಗೆ ಯಾರೂ ಬರೆದಿಲ್ಲವಲ್ಲ? ಕಾಜಿರಂಗಕ್ಕೆ ಹೋದಾಗ ನಮ್ಮ ಜೀಪಿನ ಡ್ರೈವರ್ ತೋರಿಸಿದ್ದು ಖಡ್ಗಮೃಗಕ್ಕಿಂತ ಜಾಸ್ತಿ ದಿಬ್ಬಗಳನ್ನೇ. ಬ್ರಹ್ಮಪುತ್ರ ಉಕ್ಕಿದಾಗ ಪ್ರಾಣಿಗಳು ಹತ್ತಿ ನಿಲ್ಲಲಿ ಅಂತ ಮಣ್ಣು ಹಾಕಿ ಕಟ್ಟಿದ ದಿಬ್ಬಗಳು. ಅದೂ ಸಾಲದಾದಾಗ ಪ್ರಾಣಿಗಳು ಹೆದ್ದಾರಿ ದಾಟಿ ಕಾರ್ಬಿ ಆಂಗ್ಲಾಂಗ್ ಬೆಟ್ಟಗಳಿಗೆ ಹೋಗುತ್ತವೆ. ಬೇಟೆಗಾರರಿಗೆ ಹಬ್ಬ ಅದೇ ಹೊತ್ತು. ಪ್ರಾಣಿ ಉದ್ಯಾನದ ಹೊರಗೆ, ಸುಸ್ತಾಗಿ, ಗುರುತಿಲ್ಲದ ಜಾಗದಲ್ಲಿರುತ್ತದೆ. ಕಾವಲು ಕ್ಯಾಂಪ್‌ಗಳೂ ನೀರಿನಲ್ಲಿರುತ್ತವೆ.

ಆ ದಿನಗಳಲ್ಲಿ ಹೆದ್ದಾರಿಯ ಒಂದು ತುದಿಯಲ್ಲಿ ವಾಹನಗಳಿಗೆ ಸಮಯ ಬರೆದ ಚೀಟಿ ಕೊಡುತ್ತಾರೆ. ಇನ್ನೊಂದು ತುದಿಗೆ ಬೇಗ ಬಂದರೆ ದಂಡ. ನಮ್ಮ ಡ್ರೈವರ್ ಅದನ್ನು ಹೇಳುವಾಗ ಅವನ ಮುಖದಲ್ಲಿ ಹೆಮ್ಮೆ ಇತ್ತು. ಪ್ರವಾಹ ಬರದಿದ್ದರೂ ಕಷ್ಟ ಅಂದ. ನೀರು ಬಂದರೇ ಹುಲ್ಲುಗಾವಲಿಗೆ ಹೊಸ ಮಣ್ಣು, ಕೆರೆಗಳಿಗೆ ಮೀನು. ಬೆಟ್ಟದ ದಾರಿಗಳಲ್ಲಿ ಹೋಟೆಲು, ಕಲ್ಲು ಗಣಿ ಬಂದು ಅಡ್ಡ ಕೂತರೆ ಯಾವ ಬಂದೂಕೂ ಕಾಪಾಡುವುದಿಲ್ಲ. ನನಗಂತೂ ಕೊಂಬು ಕತ್ತರಿಸುವುದಕ್ಕಿಂತ ಈ ದಾರಿಗಳನ್ನು ಉಳಿಸುವುದೇ ಮೊದಲ ಕೆಲಸ ಅನ್ನಿಸುತ್ತದೆ.

ಗಿಡುಗ:
👆 ಇದನ್ನು ಎಲ್ಲರೂ ಓದಿ.

ಮಳೆಹನಿ:
ಕೊಂಬಿಗೆ ವಿಕಿರಣ ತುಂಬುತ್ತಾರೆ ಅಂತ ಎಲ್ಲೋ ನೋಡಿದೆ. ನಿಜಾನಾ?

ದನದ ಡಾಕ್ಟ್ರು:
ನಿಜ. ಜೋಹಾನ್ಸ್‌ಬರ್ಗ್‌ನ ವಿಟ್ಸ್ ವಿಶ್ವವಿದ್ಯಾಲಯದ ಯೋಜನೆ. ಕೊಂಬಿಗೆ ಸಣ್ಣ ತೂತು ಕೊರೆದು ಸ್ವಲ್ಪ ಪ್ರಮಾಣದ ವಿಕಿರಣ ವಸ್ತು ಇಡುತ್ತಾರೆ. 2024ರಲ್ಲಿ 20 ಖಡ್ಗಮೃಗಗಳ ಮೇಲೆ ಪ್ರಯೋಗ ಶುರುವಾಯಿತು. ಪ್ರಾಣಿಗೆ ಅಪಾಯವಿಲ್ಲದಷ್ಟು ಮಾತ್ರ. ಬಂದರು, ವಿಮಾನ ನಿಲ್ದಾಣಗಳಲ್ಲಿ ಅಣು ವಸ್ತು ಹುಡುಕಲು ಈಗಾಗಲೇ ಇರುವ ಯಂತ್ರಗಳೇ ಇದನ್ನೂ ಹಿಡಿಯುತ್ತವೆ. ಉಪಾಯ ಚೆನ್ನಾಗಿದೆ. ಆದರೆ ಅಸ್ಸಾಂನಿಂದ ಕೊಂಬು ಹೋಗುವುದು ಕಾಡುದಾರಿಯಲ್ಲಿ, ಗಡಿಯ ಬೆಟ್ಟ ಹತ್ತಿ. ಅಲ್ಲಿ ಅಂಥ ಯಂತ್ರ ಇರುವುದಿಲ್ಲ.

ಹಳೇ ಓದುಗ:
ಜಾವಾದ ಖಡ್ಗಮೃಗವನ್ನು ಮರೆಯಬೇಡಿ ದಯವಿಟ್ಟು. ವಿಯೆಟ್ನಾಂನ ಕೊನೆಯದನ್ನು 2010ರಲ್ಲಿ ಗುಂಡಿಟ್ಟು ಕೊಂದರು. ಈಗ ಉಳಿದಿರುವುದು ಇಂಡೋನೇಷ್ಯಾದ ಉಜುಂಗ್ ಕುಲೋನ್ ಒಂದೇ ಕಡೆ. ಅಲ್ಲಿ ಬೇಟೆ ಇಲ್ಲ ಅಂತ ಎಲ್ಲರೂ ನೆಮ್ಮದಿಯಾಗಿದ್ದರು. ಆಮೇಲೆ ಸಿಕ್ಕಿಬಿದ್ದ ತಂಡಗಳು 2019ರಿಂದ 2023ರ ನಡುವೆ 26 ಪ್ರಾಣಿಗಳನ್ನು ಕೊಂದದ್ದಾಗಿ ಒಪ್ಪಿಕೊಂಡವು. ಈಗ ಸುಮಾರು 50 ಉಳಿದಿವೆ ಅಂತ ಅಂದಾಜು. ಇಷ್ಟು ಚಿಕ್ಕ ಸಂಖ್ಯೆಯಲ್ಲಿ 26 ಅಂದರೆ ಏನು ಅಂತ ಲೆಕ್ಕ ಹಾಕಿ. ಸೊನ್ನೆ ಬೇಟೆ ಅಂತ ಘೋಷಿಸಿದ ಕಡೆಯಲ್ಲೇ ಕಣ್ಣು ಹೆಚ್ಚು ತೆರೆದಿರಬೇಕು. ಅಸ್ಸಾಂಗೂ ಈ ಮಾತು ಅನ್ವಯಿಸುತ್ತದೆ.

ಹುಲ್ಲುಗಾವಲು:
ಎಲ್ಲರಿಗೂ ಧನ್ಯವಾದ, ಇಷ್ಟು ವಿಷಯ ಒಂದೇ ಕಡೆ ಸಿಗುತ್ತದೆ ಅಂದುಕೊಂಡಿರಲಿಲ್ಲ. ಕೊಂಬು ಕತ್ತರಿಸುವುದು ಕಾಜಿರಂಗಕ್ಕೆ ಹೊಂದುವುದಿಲ್ಲ ಅಂತಲೇ ಇಟ್ಟುಕೊಳ್ಳೋಣ. ಅಸ್ಸಾಂನದೇ ಇನ್ನೊಂದು ಅಭಯಾರಣ್ಯ ಪೊಬಿಟೋರಾಕ್ಕೆ? ಅದು ಚಿಕ್ಕದು ಅಲ್ವಾ?

ಕಾಡುಹಾದಿ:
ಪೊಬಿಟೋರಾ 39 ಚದರ ಕಿಲೋಮೀಟರ್ ಕೂಡ ಇಲ್ಲ. 2022ರಲ್ಲಿ ಅಲ್ಲಿ 107 ಖಡ್ಗಮೃಗಗಳಿದ್ದವು. ಅದರಲ್ಲೂ ಅವು ಮೇಯುವ ಜಾಗ ಇನ್ನೂ ಕಡಿಮೆ. ಅಲ್ಲಿಯ ಸಮಸ್ಯೆ ಕೊಂಬಿಗಿಂತ ಇಕ್ಕಟ್ಟು. ಹುಲ್ಲು ಸಾಲದೆ ಹೊಲಗಳಿಗೆ ನುಗ್ಗುತ್ತವೆ. ಆದ್ದರಿಂದಲೇ 2008ರಲ್ಲಿ ಪೊಬಿಟೋರಾದಿಂದ ಅಸ್ಸಾಂನದೇ ಮಾನಸ ರಾಷ್ಟ್ರೀಯ ಉದ್ಯಾನಕ್ಕೆ ಪ್ರಾಣಿಗಳನ್ನು ಸಾಗಿಸಲು ಶುರು ಮಾಡಿದರು. ಮಾನಸದಲ್ಲಿ ಮೊದಲು ನೂರರ ಹತ್ತಿರ ಖಡ್ಗಮೃಗಗಳಿದ್ದವು. 1980ರ ದಶಕದ ಕೊನೆಯಿಂದ ಅಲ್ಲಿ ಗಲಭೆ ನಡೆದು, ಕಾವಲು ಕುಸಿದು, ಒಂದೂ ಉಳಿಯದ ಹಾಗೆ ಕೊಂದು ಹಾಕಿದರು. ಯುನೆಸ್ಕೊ 1992ರಲ್ಲಿ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. 2011ರಲ್ಲಷ್ಟೇ ತೆಗೆಯಿತು. ಈಗ ಅಲ್ಲಿ ಮರಿಗಳು ಹುಟ್ಟುತ್ತಿವೆ. ಎಲ್ಲವನ್ನೂ ಕಾಜಿರಂಗ ಒಂದರಲ್ಲೇ ಇಟ್ಟರೆ ಒಂದು ರೋಗ, ಒಂದು ದೊಡ್ಡ ಪ್ರವಾಹ ಸಾಕು.

ದನದ ಡಾಕ್ಟ್ರು:
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಹೆಣ್ಣು ಗರ್ಭ ಹೊರುವುದು ಸುಮಾರು 16 ತಿಂಗಳು. ಒಂದು ಮರಿ, ಅದು ದೊಡ್ಡದಾಗುವವರೆಗೆ ಇನ್ನೊಂದಿಲ್ಲ, ಅಂದರೆ ಮೂರು ವರ್ಷದ ಹತ್ತಿರ. ತಾಯಿಯನ್ನು ಕೊಂದರೆ ಪುಟ್ಟ ಮರಿಯೂ ಬದುಕುವುದಿಲ್ಲ. ಬೇಟೆಯ ಲೆಕ್ಕದಲ್ಲಿ ಬರುವುದು ಒಂದೇ ಸಾವು.

ಕಾನೂನುಕಣ್ಣು:
ಮೇಲೆ ದಲ್ಲಾಳಿಗಳ ಮಾತು ಬಂತು. ಅವರ ಮೇಲಿನ ಕೇಸುಗಳು ಕೋರ್ಟಿನಲ್ಲಿ ಬೀಳುವುದಕ್ಕೆ ಕಾರಣ ಸಾಕ್ಷ್ಯ. ಸಿಕ್ಕ ಕೊಂಬು ಇಂಥದೇ ಪ್ರಾಣಿಯದು ಅಂತ ತೋರಿಸಲು ಆಗುತ್ತಿರಲಿಲ್ಲ. ಈಗ ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿ ಖಡ್ಗಮೃಗಗಳ ಡಿಎನ್‌ಎ ದಾಖಲೆ ಕಟ್ಟುತ್ತಿದ್ದಾರೆ. 2021ರಲ್ಲಿ ಸುಡುವ ಮೊದಲು ಆ ಕೊಂಬುಗಳ ಮಾದರಿಗಳನ್ನೂ ತೆಗೆದಿಟ್ಟಿದ್ದಾರೆ. ಇನ್ನು ಎಲ್ಲಿ ಕೊಂಬು ಸಿಕ್ಕರೂ ಕಾಡಿನಲ್ಲಿ ಸತ್ತ ಪ್ರಾಣಿಗೆ ಜೋಡಿಸಬಹುದು. ಬಂದೂಕಿಗಿಂತ ಇದರ ಮೇಲೆ ನನಗೆ ಹೆಚ್ಚು ಭರವಸೆ.

ತೀರದ ಮನೆ:
ಇದಕ್ಕೆ ನನ್ನ ಪೂರ್ತಿ ಬೆಂಬಲ.

ಲೆಕ್ಕದ ಮೇಷ್ಟ್ರು:
ಹಾಗಿದ್ದರೆ ನನ್ನ ವಾದಕ್ಕೇ ಬಲ ಬಂತಲ್ಲ! ಪ್ರತಿ ಕೊಂಬಿಗೂ ಡಿಎನ್‌ಎ ಗುರುತು ಇದ್ದರೆ ಕಾನೂನಿನ ಕೊಂಬು ಯಾವುದು, ಕಳ್ಳ ಕೊಂಬು ಯಾವುದು ಅಂತ ಹೇಳಬಹುದು. ಪುಡಿಯಲ್ಲೂ ಡಿಎನ್‌ಎ ಸಿಗುತ್ತದೆ.

ಕಾನೂನುಕಣ್ಣು:
ಸಿಗುತ್ತದೆ. ಆದರೆ ಕೇಸು ಹಾಕಿದ ಮೇಲೆ ಒಂದು ಕೊಂಬಿಗೆ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡುವುದೇ ಬೇರೆ, ಹನೋಯ್‌ನ ಗಲ್ಲಿ ಅಂಗಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ಮಾರುವ ಪ್ರತಿ ಪೊಟ್ಟಣಕ್ಕೆ ಮಾಡುವುದೇ ಬೇರೆ. ಅದನ್ನು ಯಾವ ದೇಶ, ಯಾರ ಖರ್ಚಿನಲ್ಲಿ ಮಾಡುತ್ತದೆ ಅಂತ ನೀವು ಹೇಳಿದರೆ ಮುಂದೆ ಮಾತಾಡೋಣ.

ಲೆಕ್ಕದ ಮೇಷ್ಟ್ರು:
ಮಾರಾಟದ ಹಣದಲ್ಲೇ. ಲೆಕ್ಕ ಹಾಕಿ ನಾಳೆ ಇಲ್ಲೇ ಹಾಕುತ್ತೇನೆ.